ಜಾರಿದ ನಾಲ್ಕನೇ ತಂತಿ

ಕೊತ್ತಗೆರೆ, ಕುಣಿಗಲ್ ತಾಲ್ಲೂಕು
೧೦ ಜೂನ್ ೨೦೨೪

ಮಾನ್ಯ ನಾಗಭೂಷಣ್ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ಹೆಸರು ಇಂಪನಾ, ವಯಸ್ಸು ಇಪ್ಪತ್ತಾರು, ಕೊತ್ತಗೆರೆಯ ಅಂಚೆ ಕಚೇರಿಯಲ್ಲಿ ಕೆಲಸ. ದಿನವೂ ಊರಿನವರ ಟಪಾಲಿಗೆ ಮುದ್ರೆ ಒತ್ತುತ್ತೇನೆ. ಈಗೀಗ ಬರುವುದೆಲ್ಲ ಆಧಾರ್ ಕಾರ್ಡು, ಬ್ಯಾಂಕಿನ ನೋಟೀಸು. ಕೈಯಲ್ಲಿ ಬರೆದ ಕಾಗದ ಕಂಡು ತಿಂಗಳುಗಳೇ ಆದವು. ನಾನೇ ಒಂದು ಬರೆದು ಮುದ್ರೆ ಒತ್ತೋಣ ಎನಿಸಿತು.

ನಾನು ಬೇಸ್ ಗಿಟಾರ್ ಬಾರಿಸುತ್ತೇನೆ. ತುಮಕೂರಿನ ಮರಳೂರಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೆ, ಅದರ ಮೇಲಿನ ಕೋಣೆಯಲ್ಲಿ ನಾವು ನಾಲ್ವರು ಪ್ರತಿ ಭಾನುವಾರ ಸೇರುತ್ತೇವೆ. ರಾಕ್ ಸಂಗೀತ. ಗಿರಣಿ ನಿಂತ ಮೇಲೆ ನಮ್ಮದು ಶುರು. ನಮ್ಮ ಡ್ರಮ್ಮರ್ ಅಂಜನ್ ಬಾರಿಸಿದರೆ ಗೋಡೆಯಿಂದ ರಾಗಿ ಹಿಟ್ಟು ಉದುರುತ್ತದೆ.

ನನ್ನ ಹತ್ತಿರ ಇರುವುದು ಹಳೆಯ ಬೇಸ್. ಕಲ್ಕತ್ತಾದಲ್ಲಿ ಮಾಡಿದ್ದು, ಕಡುಗೆಂಪು ಬಣ್ಣ. ನಾಲ್ಕನೇ ತಂತಿಯ, ಅಂದರೆ ದಪ್ಪ ತಂತಿಯ, ಬಿರಡೆಯ ಹಿಂದೆ ಸೈಕಲ್ ಟ್ಯೂಬಿನ ರಬ್ಬರ್ ತುಂಡೊಂದನ್ನು ಸಿಕ್ಕಿಸಿದ್ದಾರೆ. ಆಂಪ್ಲಿಫೈಯರ್ ರಿಪೇರಿ ಮಾಡುವ ಸಿದ್ದಯ್ಯನವರ ಅಂಗಡಿಯಲ್ಲಿ ತೋರಿಸಿದೆ. ಅವರು ನೋಡಿದವರೇ ನಕ್ಕರು.

"ಇದು ನಮ್ ನಾಗನ್ ಬೇಸ್ ಕಣಮ್ಮ. ತುಂಬೆ ಮೆಲೋಡೀಸ್ ಆರ್ಕೆಸ್ಟ್ರಾದಾಗೆ ಬಾರಿಸ್ತಿದ್ದ. ಈಗ ಗುಬ್ಬಿ ತಾಲ್ಲೂಕು ಚೇಳೂರಾಗವ್ನೆ, ತೆಂಗಿನ್ ತೋಟ ನೋಡ್ಕಂಡು. ಅಡ್ರೆಸ್ ಕೊಡ್ತೀನಿ, ಕಾಗ್ದ ಬರಿ. ಫೋನ್ ಮಾಡಿದ್ರೆ ಎತ್ತಾಕಿಲ್ಲ ಅವ್ನು."

ಅದಕ್ಕೇ ಬರೆಯುತ್ತಿದ್ದೇನೆ. ಈ ಬೇಸ್ ನಿಮ್ಮದೇ? ಆ ರಬ್ಬರ್ ಯಾಕೆ? ಎರಡು ಸಾಲು ಬರೆದರೂ ಸಾಕು.

ನಮಸ್ಕಾರಗಳು,
ಇಂಪನಾ

*

ಚೇಳೂರು
೨ ಜುಲೈ ೨೦೨೪

ಇಂಪನಾ ಅವರಿಗೆ,

ಹೌದು, ಅದು ನನ್ನದಾಗಿತ್ತು. ಅದು ನಿಮ್ಮ ಕೈ ಸೇರಿದೆ ಎಂದು ನಿಮ್ಮ ಕಾಗದದಿಂದ ತಿಳಿಯಿತು. ಯಾರೋ ಮಾರಿರಬೇಕು, ನೀವು ಕೊಂಡಿರಬೇಕು. ಒಳ್ಳೆಯದೇ ಆಯಿತು.

ರಬ್ಬರ್ ಯಾಕೆಂದರೆ, ಆ ಬಿರಡೆಯ ಸ್ಕ್ರೂ ಸವೆದಿದೆ. ರಬ್ಬರ್ ಇಲ್ಲದಿದ್ದರೆ ತಂತಿ ಬಿಗಿಯಾಗಿ ನಿಲ್ಲುವುದಿಲ್ಲ. ಹೊಸ ಬಿರಡೆ ಹಾಕಿಸಿ.

ತಂತಿಗಳ ಸದ್ದು ಮಂಕಾಗಿದ್ದರೆ ಬಿಚ್ಚಿ, ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ. ಒರೆಸಿ ಒಣಗಿಸಿ ಮತ್ತೆ ಕಟ್ಟಿ. ಹೊಸದರಂತೆ ಆಗುತ್ತವೆ.

ನಾನು ಅದನ್ನೆಲ್ಲ ಬಿಟ್ಟು ಬಹಳ ವರ್ಷ ಆಯಿತು. ಚೇಳೂರಿಗೆ ಬರುವ ಶ್ರಮ ತೆಗೆದುಕೊಳ್ಳಬೇಡಿ.

ನಾಗಭೂಷಣ್

*

ಕೊತ್ತಗೆರೆ
೯ ಜುಲೈ ೨೦೨೪

ಸರ್,

ತಂತಿ ಕುದಿಸಿದೆ! ನಮ್ಮಮ್ಮ ಸಂಧ್ಯಾ ಇದನ್ನು ಕಂಡು ಅಡುಗೆಮನೆ ಬಾಗಿಲಲ್ಲೇ ನಿಂತರು. "ಇದ್ಯಾವ ಸಾರು ಕಣೇ?" ಎಂದರು. ಆದರೆ ಸದ್ದು ಮಾತ್ರ ಗಂಟೆ ಹೊಡೆದ ಹಾಗಿದೆ. ಯೂಟ್ಯೂಬಿನಲ್ಲಿ ಎಷ್ಟೋ ವಿಡಿಯೋ ನೋಡಿದವಳು ನಾನು, ಇದನ್ನು ಹೇಳಿಕೊಡಲು ಚೇಳೂರಿನಿಂದ ಕಾಗದ ಬರಬೇಕಾಯಿತು.

ಇನ್ನೊಂದು ವಿಷಯವನ್ನು ಮೊದಲ ಕಾಗದದಲ್ಲಿ ಹೇಳಲಿಲ್ಲ, ಅಂಜಿಕೆಯಾಗಿತ್ತು. ನನ್ನ ಹತ್ತಿರ ಒಂದು ಕ್ಯಾಸೆಟ್ ಇದೆ. ೧೯೯೯ರ ನವೆಂಬರಿನಲ್ಲಿ ಗುಬ್ಬಿ ಬಸ್ ನಿಲ್ದಾಣದ ಹತ್ತಿರ ಆಟೋ ಚಾಲಕರ ಸಂಘದವರು ಮಾಡಿಸಿದ ರಾಜ್ಯೋತ್ಸವದ ಕಾರ್ಯಕ್ರಮ. ಗಾಯಕರು ಟೀ ಕುಡಿಯಲು ಹೋದಾಗ ನೀವೆಲ್ಲ ಸೇರಿ ನುಡಿಸಿದ ಇಂಟರ್‌ವಲ್ ಮ್ಯೂಸಿಕ್ ಅದರಲ್ಲಿದೆ. ಎಂಟು ನಿಮಿಷ. ನಾನು ಅದನ್ನು ಕಡಿಮೆಯೆಂದರೆ ಇನ್ನೂರು ಸಲ ಕೇಳಿದ್ದೇನೆ.

ಸರ್, ಸಿನಿಮಾ ಹಾಡಿನ ಆರ್ಕೆಸ್ಟ್ರಾದಲ್ಲಿ ಅಂಥ ರಾಕ್ ಯಾರು ಬಾರಿಸುತ್ತಿದ್ದರು? ನಾಲ್ಕನೇ ನಿಮಿಷದಲ್ಲಿ ಒಂದು ಜಾಗ ಬರುತ್ತದೆ. ದಪ್ಪ ತಂತಿಯನ್ನು ಮೀಟಿ ಬಿಡುತ್ತೀರಿ, ಅದು ಮೊಳಗುತ್ತ ಇರುವಾಗಲೇ ನಿಧಾನ ಕೆಳಕ್ಕೆ ಜಾರಿ ಅರ್ಧ ಸ್ವರ ಕೆಳಗೆ ಹೋಗಿ ನಿಲ್ಲುತ್ತದೆ. ನಾಲ್ಕು ತಂತಿಯ ಬೇಸಿನಲ್ಲಿ ಆ ಸ್ವರವೇ ಇಲ್ಲ. ನೀವು ಬಿರಡೆ ತಿರುಗಿಸಿದ್ದೀರಿ ಅಲ್ಲವೇ? ತಂತಿ ನುಡಿಯುತ್ತಿರುವಾಗಲೇ? ಮೊದಲ ಸಲ ಕೇಳಿದಾಗ ನನ್ನ ಮೈ ಜುಂ ಎಂದಿತು. ಬೇಸ್ ಕಲಿಯಬೇಕು ಎನಿಸಿದ್ದು ಆವತ್ತೇ.

ವಿದೇಶಿ ಬೇಸ್ ವಾದಕರಲ್ಲಿ ನನಗೆ ಗೆಡ್ಡಿ ಲೀ ಎಂದರೆ ಪ್ರಾಣ. ಕೈಯಲ್ಲಿ ಬೇಸ್, ಬಾಯಲ್ಲಿ ಹಾಡು, ಕಾಲಲ್ಲಿ ಪೆಡಲ್. ನಮ್ಮಮ್ಮ ಒಲೆ ಮುಂದೆ ನಿಂತು ಮೂರು ಕೆಲಸ ಮಾಡುವುದನ್ನು ಕಂಡಾಗೆಲ್ಲ ಆತನ ನೆನಪಾಗುತ್ತದೆ. ಆಮೇಲೆ ಕ್ಲಿಫ್ ಬರ್ಟನ್. ಹಿಂದೆ ನಿಲ್ಲುವ ವಾದ್ಯವನ್ನು ಮುಂದಕ್ಕೆ ತಂದು ನಿಲ್ಲಿಸಿ, ಇಪ್ಪತ್ನಾಲ್ಕಕ್ಕೇ ಹೋಗಿಬಿಟ್ಟ. ಇವರಿಬ್ಬರ ಪಕ್ಕದಲ್ಲಿ ನನಗೆ ಮೂರನೆಯವರು ನೀವು. ಮುಖಸ್ತುತಿ ಅಲ್ಲ.

ನಿಮಗೆ ಯಾರು ಇಷ್ಟ? ಆ ಜಾರು ಹೇಗೆ ಮಾಡಿದಿರಿ?

ಕಾಯುತ್ತಿರುತ್ತೇನೆ,
ಇಂಪನಾ

*

ಚೇಳೂರು
೨೮ ಜುಲೈ ೨೦೨೪

ಚಿ. ಇಂಪನಾಳಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನನ್ನ ಹೆಂಡತಿ ವಾಣಿಶ್ರೀ "ಯಾರ್ದ್ರೀ ಅದು, ಇಷ್ಟೊಂದ್ ನಗ್ತಿದೀರಾ" ಎಂದು ಕಸಿದುಕೊಂಡು ತಾನೂ ಓದಿದಳು. ವಯಸ್ಸಿನಲ್ಲಿ ಚಿಕ್ಕವಳು, ಏಕವಚನ ಬಳಸಿದರೆ ಬೇಸರ ಇಲ್ಲ ಎಂದುಕೊಂಡಿದ್ದೇನೆ.

ಆ ಬೇಸನ್ನು ನಾನು ಕೊಂಡದ್ದು ತೊಂಬತ್ತೊಂದರಲ್ಲಿ. ಅದಕ್ಕೆ ತಕ್ಕ ಆಂಪ್ ಬೇಕಲ್ಲ? ಸಿದ್ದಯ್ಯ ಪ್ಲೈವುಡ್ ಪೆಟ್ಟಿಗೆ ಮಾಡಿ, ಹದಿನೈದು ಇಂಚಿನ ಸ್ಪೀಕರ್ ಕೂರಿಸಿ, ಮೇಲೆ ಹಳೆಯ ಬಸ್ಸಿನ ಸೀಟಿನ ರೆಕ್ಸಿನ್ ಹೊದಿಸಿದ. ಇಬ್ಬರು ಹಿಡಿದರೂ ಏಳುತ್ತಿರಲಿಲ್ಲ. ಅದನ್ನು ಮೆಟಡೋರ್ ಟಾಪಿಗೆ ಹಗ್ಗ ಹಾಕಿ ಎತ್ತಿ ಕುಣಿಗಲ್, ತಿಪಟೂರು, ಶಿರಾ ಎಲ್ಲ ತಿರುಗಿದೆವು. ಕುಣಿಗಲ್‌ನ ಒಂದು ಮದುವೆಯಲ್ಲಿ ನಾನು ದಪ್ಪ ತಂತಿ ಮೀಟಿದರೆ ಊಟದ ಎಲೆಯ ಮೇಲೆ ಹಪ್ಪಳ ನಡುಗುತ್ತಿತ್ತು. ಹುಡುಗಿಯ ತಂದೆ ಓಡಿಬಂದು, "ಏಯ್ ಗುಡುಗಿನವ್ನೆ, ಊಟ ಮುಗಿಯೋವರ್ಗೂ ಸುಮ್ನಿರಪ್ಪ" ಎಂದರು. ಆ ಹೆಸರು ಎರಡು ವರ್ಷ ಬಿಡಲಿಲ್ಲ.

ತಂತಿ ಕುದಿಸುವುದು ಆಗಿನ ಕಷ್ಟದ ವಿದ್ಯೆ. ಹೊಸ ತಂತಿ ಬೇಕಾದರೆ ಬೆಂಗಳೂರಿಗೆ ಹೋಗಬೇಕಿತ್ತು. ನಮ್ಮವ್ವ ಹನುಮಂತಮ್ಮ ಮುದ್ದೆ ಮಾಡುವ ಪಾತ್ರೆಯ ಮುಚ್ಚಳ ತೆಗೆದು, "ಅಯ್ಯೋ ಹಾವು ಬೇಯಿಸ್ತಾವ್ನಲ್ಲೋ ಇವ್ನು!" ಎಂದು ಕೂಗಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ನನಗೆ ಇಷ್ಟದವರು ಇಬ್ಬರು. ಜಾನ್ ಎಂಟ್ವಿಸಲ್ ಮೊದಲು. ಯಾರೋ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ನೋಡಿದ್ದೆ. ಸುತ್ತ ಎಲ್ಲರೂ ಕುಣಿಯುತ್ತಾರೆ, ಗಿಟಾರ್ ಒಡೆಯುತ್ತಾರೆ. ಆತ ಮಾತ್ರ ಬಸ್ಸಿಗೆ ಕಾಯುವವನಂತೆ ಸುಮ್ಮನೆ ನಿಂತಿದ್ದಾನೆ. ಬೆರಳು ನೋಡಿದರೆ ಕಾಣುವುದೇ ಇಲ್ಲ, ಅಷ್ಟು ವೇಗ. ಎರಡನೆಯವನು ಜಾನ್ ಪಾಲ್ ಜೋನ್ಸ್. ಪಕ್ಕದವರಿಗೆ ಜಾಗ ಬಿಟ್ಟುಕೊಡುವುದು ಹೇಗೆಂದು ಆತನನ್ನು ಕೇಳಿ ಕಲಿಯಬೇಕು. ಇಂಥವರ ಜೊತೆ ನನ್ನ ಹೆಸರು ಹೇಳಬೇಡ, ಕೆನ್ನೆ ಬಡಿದುಕೊಳ್ಳಬೇಕಾಗುತ್ತದೆ.

ಆ ಜಾರಿನ ವಿಷಯ. ಹೌದು, ಬಿರಡೆ ತಿರುಗಿದ್ದೇ. ಅದಕ್ಕೆ ಕೈ ಬಹಳ ದಿನ ಪಳಗಬೇಕು. ಅವಸರ ಮಾಡಬೇಡ.

ಆಶೀರ್ವಾದಗಳು,
ನಾಗಭೂಷಣ್

*

ಕೊತ್ತಗೆರೆ
೧೬ ಆಗಸ್ಟ್ ೨೦೨೪

ಗುಡುಗಿನ ಸರ್‌ಗೆ,

ಎರಡು ವಾರ, ದಿನಕ್ಕೆ ಒಂದು ಗಂಟೆ. ಮೀಟು, ಎಡಗೈ ಬಿರಡೆಗೆ, ಇಳಿಸು, ಮತ್ತೆ ಏರಿಸು. ಮೊದಲ ವಾರ ಪಕ್ಕದ ಮನೆಯ ಎಮ್ಮೆ ಉತ್ತರ ಕೊಡುತ್ತಿತ್ತು. ಈಗ ಅರ್ಧ ಸ್ವರಕ್ಕೆ ಸರಿಯಾಗಿ ನಿಲ್ಲುತ್ತಿದೆ. ಹೊಸ ಬಿರಡೆ ಹಾಕಿಸಲಿಲ್ಲ. ನಿಮ್ಮ ರಬ್ಬರ್ ಇದ್ದರೇ ಆ ಜಾರು ಬರುವುದು ಎಂದು ನನ್ನ ನಂಬಿಕೆ.

ಈಗ ದೊಡ್ಡ ಸುದ್ದಿ. ಗುಬ್ಬಿಯ ಅದೇ ಆಟೋ ಚಾಲಕರ ಸಂಘದವರು ಈ ರಾಜ್ಯೋತ್ಸವಕ್ಕೆ ನಮ್ಮನ್ನು ಕರೆದಿದ್ದಾರೆ. ನವೆಂಬರ್ ೧೭, ಭಾನುವಾರ ಸಂಜೆ, ಅದೇ ಬಸ್ ನಿಲ್ದಾಣದ ಹತ್ತಿರ. ನಾವು ನಿಮ್ಮ ಎಂಟು ನಿಮಿಷವನ್ನು ನುಡಿಸುತ್ತೇವೆ. ಶುರುವಿಗೆ ಮುಂಚೆ ಮೈಕಿನಲ್ಲಿ ನಾನು ಹೇಳುತ್ತೇನೆ, "ಇದರಲ್ಲಿ ಬರುವ ಜಾರು ಚೇಳೂರಿನ ನಾಗಭೂಷಣ್ ಅವರು ಕಂಡುಹಿಡಿದದ್ದು" ಎಂದು. ನೀವು ಮುಂದಿನ ಸಾಲಿನಲ್ಲಿ ಕೂರಬೇಕು.

ನಮ್ಮ ಅಭ್ಯಾಸವನ್ನು ರೆಕಾರ್ಡ್ ಮಾಡಿ ಪೆನ್ ಡ್ರೈವಿನಲ್ಲಿ ಹಾಕಿ ಇದರ ಜೊತೆ ಕಳಿಸಿದ್ದೇನೆ. ಟಿವಿಗೆ ಸಿಕ್ಕಿಸಿದರೆ ಕೇಳುತ್ತದೆ. ತಪ್ಪುಗಳನ್ನು ಮುಲಾಜಿಲ್ಲದೆ ಬರೆಯಿರಿ. ನಿಮ್ಮ ಕಿವಿಗಿಂತ ದೊಡ್ಡ ಪರೀಕ್ಷೆ ನನಗೆ ಇಲ್ಲ.

ಇಂಪನಾ

*

ಚೇಳೂರು
೫ ಸೆಪ್ಟೆಂಬರ್ ೨೦೨೪

ಚಿ. ಇಂಪನಾ,

ಪೆನ್ ಡ್ರೈವ್ ತಲುಪಿತು. ಟಿವಿಗೆ ಹಾಕಿ ಕೇಳಿದೆ. ಬಹಳ ಚೆನ್ನಾಗಿದೆ. ಜಾರು ಸೊಗಸಾಗಿ ಬಂದಿದೆ. ಕೊನೆಯ ಭಾಗದಲ್ಲಿ ಸ್ವಲ್ಪ ವೇಗ ಹೆಚ್ಚಾಯಿತು, ಡ್ರಮ್ಸ್ ಹುಡುಗನಿಗೆ ಹೇಳು.

ಮೈಕಿನಲ್ಲಿ ನನ್ನ ಹೆಸರು ಹೇಳುವುದು ಬೇಡ. ನಾನು ಬರುವುದೂ ಆಗುವುದಿಲ್ಲ. ಆ ಹೊತ್ತಿಗೆ ತೋಟದಲ್ಲಿ ಕೆಲಸ ಇರುತ್ತದೆ.

ನಾಗಭೂಷಣ್

*

ಕೊತ್ತಗೆರೆ
೧೨ ಸೆಪ್ಟೆಂಬರ್ ೨೦೨೪

ನಾಗಭೂಷಣ್ ಅವರಿಗೆ,

ನಿನ್ನೆ ನನ್ನ ಬ್ಯಾಗಿನ ಜೇಬಿನಲ್ಲಿ ಇನ್ನೊಂದು ಪೆನ್ ಡ್ರೈವ್ ಸಿಕ್ಕಿತು. ನಮ್ಮ ರೆಕಾರ್ಡಿಂಗ್ ಅದರಲ್ಲೇ ಇದೆ. ನಿಮಗೆ ಕಳಿಸಿದ್ದರಲ್ಲಿ ಇದ್ದದ್ದು ನನ್ನ ಅತ್ತೆಯ ಮಗಳ ಸೀಮಂತದ ಅರವತ್ತು ಫೋಟೊ.

ಅವುಗಳ ಕೊನೆಯ ಭಾಗದಲ್ಲಿ ವೇಗ ಹೆಚ್ಚಾಯಿತೆ?

ಕೇಳಲು ಇಷ್ಟವಿಲ್ಲ ಎಂದಿದ್ದರೆ ಹಾಗೇ ಬರೆಯಬಹುದಿತ್ತು. ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ. ಇಷ್ಟು ದಿನ ನಾನು ಬರೆದದ್ದೆಲ್ಲ ನಿಮಗೆ ಮಕ್ಕಳಾಟದ ಹಾಗೆ ಕಂಡಿತೇನೋ. ನಿಮ್ಮನ್ನು ದೊಡ್ಡವರು ಎಂದುಕೊಂಡಿದ್ದೆ.

ಇಂಪನಾ

*

ಚೇಳೂರು
೧೦ ಅಕ್ಟೋಬರ್ ೨೦೨೪

ಇಂಪನಾ,

ಉತ್ತರ ಬರೆಯಲು ಒಂದು ತಿಂಗಳು ಹಿಡಿಯಿತು. ಬರೆದೆ, ಹರಿದೆ, ಮತ್ತೆ ಬರೆದೆ. ವಾಣಿಶ್ರೀ ನಿನ್ನೆ ಎದುರಿಗೆ ಕುಳಿತು, ನನಗೆ ತಿಳಿಯಲಿ ಎಂದು ತುಟಿ ಬಿಡಿಸಿ ಬಿಡಿಸಿ ಹೇಳಿದಳು, "ಆ ಮಗೀಗೆ ನಿಜ ಬರೀರಿ. ಇಲ್ದಿದ್ರೆ ನಾನೇ ಬರೀತೀನಿ."

ನನಗೆ ಕಿವಿ ಕೇಳಿಸುವುದಿಲ್ಲ ಕಣಮ್ಮ. ಒಂಬತ್ತು ವರ್ಷ ಡ್ರಮ್ಸ್ ಕೃಷ್ಣಕುಮಾರನ ತಾಳದ ಪಕ್ಕದಲ್ಲಿ ನಿಂತೆ. ಎಡಗಿವಿ ಆಗಲೇ ಮಂದವಾಗಿತ್ತು. ಏಳು ವರ್ಷದಿಂದ ಎರಡೂ ಹೋಗಿವೆ. ಮೆಷಿನ್ ಹಾಕಿಕೊಂಡರೆ ಮಾತೆಲ್ಲ ತಗಡು ಕೆರೆದ ಹಾಗೆ ಬರುತ್ತದೆ, ತೆಗೆದಿಟ್ಟೆ. ಅದಕ್ಕೇ ಫೋನ್ ಎತ್ತುವುದಿಲ್ಲ. ಅಟ್ಟದಲ್ಲಿ ತೆಂಗಿನಕಾಯಿ ಒಣಗಿ ಕೊಬ್ಬರಿ ಆಗಿದೆಯೇ ಎಂದು ಎಲ್ಲರೂ ಅಲ್ಲಾಡಿಸಿ ಸದ್ದು ಕೇಳುತ್ತಾರೆ. ನಾನು ಅಂಗೈಯಲ್ಲಿ ಹಿಡಿದು ಅಲ್ಲಾಡಿಸುತ್ತೇನೆ, ಒಳಗಿನ ಬಡಿತ ಕೈಗೆ ತಿಳಿಯುತ್ತದೆ. ಜನರ ತುಟಿ ನೋಡಿ ಉತ್ತರ ಕೊಡುತ್ತೇನೆ, ಊರಿನಲ್ಲಿ ನನ್ನ ಕಿವುಡು ಯಾರಿಗೂ ಗೊತ್ತಿಲ್ಲ, ಕಾಯಿಯ ಹದ ನೋಡಲು ನನ್ನನ್ನೇ ಕರೆಯುತ್ತಾರೆ. ಸಿದ್ದಯ್ಯನಿಗೂ ಹೇಳಿಲ್ಲ. ಬೇಸ್ ಬಾರಿಸುತ್ತಿದ್ದವನು ಕಿವುಡ ಎನ್ನಿಸಿಕೊಳ್ಳಲು ನಾಚಿಕೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಆ ಜಾರು ನಾನು ಮಾಡಿದ್ದಲ್ಲ. ಸ್ಕ್ರೂ ಸವೆದಿತ್ತು, ರಬ್ಬರ್ ಹಳೆಯದಾಗಿತ್ತು. ತಂತಿ ಮೀಟಿದೆ, ಬಿರಡೆ ತಾನಾಗಿ ತಿರುಗಿತು. ಅರ್ಧ ಸ್ವರ ಜಾರಿ ಕಚ್ಚಿಕೊಂಡು ನಿಂತಿತು. ಅಷ್ಟೇ. ಅದು ತಪ್ಪು. ಸಾವಿರ ಜನರ ಮುಂದೆ ಆದ ತಪ್ಪು.

ಆಮೇಲಿನ ನಾಲ್ಕು ನಿಮಿಷ ನನ್ನ ಕೈ ಏನು ಮಾಡಿತೋ ತಿಳಿಯದು. ಆಂಪ್ ಜನರ ಕಡೆಗೆ ತಿರುಗಿತ್ತು, ತಾಳದ ಗದ್ದಲದಲ್ಲಿ ನನ್ನ ಬೇಸ್ ನನಗೇ ಕೇಳುತ್ತಿರಲಿಲ್ಲ. ಪೂರ್ತಿ ಅಪಸ್ವರ ಬಾರಿಸಿರಬೇಕು. ಮುಗಿದ ಕೂಡಲೇ ಆರ್ಕೆಸ್ಟ್ರಾದ ಯಜಮಾನ ಲಕ್ಷ್ಮೀನರಸಿಂಹಯ್ಯ ಮೇಲೆ ಬಂದ. ಮೈಕ್ ಆನ್ ಇದೆ ಎಂದು ನೋಡಲಿಲ್ಲವೋ, ಬೇಕೆಂದೇ ಆಫ್ ಮಾಡಲಿಲ್ಲವೋ. "ಏನ್ಲಾ ನಾಗ, ಸುತಿ ಅಂದ್ರೇನು ಅಂತ ಗೊತ್ತೇನ್ಲಾ ನಿಂಗೆ? ಇಳಿ ಕೆಳಕ್ಕೆ" ಎಂದ. ಜನ ನಕ್ಕರು. ಬೇಸನ್ನು ಆಂಪಿಗೆ ಒರಗಿಸಿ ಇಳಿದೆ. ಮತ್ತೆ ಹಿಂದಿರುಗಿ ನೋಡಲಿಲ್ಲ. ಇವತ್ತಿಗೂ ಗುಬ್ಬಿಯಲ್ಲಿ ಆ ಜಾಗ ತಪ್ಪಿಸಿ ಸುತ್ತು ಹಾಕಿಕೊಂಡು ಬಸ್ ಹತ್ತುತ್ತೇನೆ. ಆ ಮನುಷ್ಯ ಇದ್ದಾನೋ ಇಲ್ಲವೋ ತಿಳಿಯದು. ಇದ್ದರೂ ಮುಖ ನೋಡುವ ಆಸೆ ಇಲ್ಲ.

ನೀನು ಹೊಗಳಿ ಬರೆದಾಗ ಅಲ್ಲ ಎಂದು ಹೇಳಬೇಕಿತ್ತು. ಇಪ್ಪತ್ತೈದು ವರ್ಷದಲ್ಲಿ ನನ್ನ ಬೇಸಿನ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ಬಾಯಿಗೆ ಬಿದ್ದ ಸಿಹಿಯನ್ನು ಉಗುಳಲು ಆಗಲಿಲ್ಲ.

ನನ್ನ ಹೆಸರು ಹೇಳಬೇಡ. ತಪ್ಪನ್ನು ಕಲಿಸಿದವನ ಹೆಸರು ಯಾಕೆ?

ನಾಗಭೂಷಣ್

*

ಕೊತ್ತಗೆರೆ
೧೭ ಅಕ್ಟೋಬರ್ ೨೦೨೪

ಸರ್,

ಮೊದಲು ಕ್ಷಮೆ ಕೇಳುತ್ತೇನೆ. ಸೆಪ್ಟೆಂಬರಿನ ಆ ಕಾಗದ ನೆನಪಾದರೆ ಈಗ ನಾಚಿಕೆ ಆಗುತ್ತದೆ.

ನಾನೂ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಹೇಳಿದರೆ ಕಾಗದ ಹರಿದು ಹಾಕುತ್ತೀರಿ ಎಂದು ಸಿದ್ದಯ್ಯನವರು ಹೆದರಿಸಿದ್ದರು. ಲಕ್ಷ್ಮೀನರಸಿಂಹಯ್ಯ ನನ್ನ ತಾತ. ನಮ್ಮಮ್ಮನ ತಂದೆ.

ಈ ಸಾಲಿನ ನಂತರವೂ ಓದುತ್ತಿದ್ದೀರಿ ಎಂದು ನಂಬಿ ಮುಂದೆ ಬರೆಯುತ್ತೇನೆ.

ಬೇಸನ್ನು ನಾನು ಕೊಂಡದ್ದಲ್ಲ. ಮರಳೂರಿನ ತಾತನ ಮನೆಯಲ್ಲಿ, ನೀವು ಬಿಟ್ಟುಹೋದ ದಿನದಿಂದ ಗೋಡೆಗೆ ತೂಗುಹಾಕಿತ್ತು. ಎಷ್ಟೋ ಜನ ಕೇಳಿದರೂ ಮಾರಲಿಲ್ಲ. ಕ್ಯಾಸೆಟ್ ಕೂಡ ಅವರದೇ. ಕಾರ್ಯಕ್ರಮ ಆದ ವಾರ ಮನೆಯಲ್ಲಿ ಹಾಕಿ ಕೇಳಿದರಂತೆ. ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದರಂತೆ. ಒಮ್ಮೆ ಚೇಳೂರಿಗೂ ಬಂದಿದ್ದರು. ಬಸ್ ಇಳಿದು ಟೀ ಕುಡಿದು, ಮುಂದಕ್ಕೆ ಕಾಲು ಏಳದೆ ಅದೇ ಬಸ್ಸಿಗೆ ವಾಪಸು ಹತ್ತಿದರು. ನನಗೆ ಎಷ್ಟೋ ಸಲ ಹೇಳಿದ್ದಾರೆ, "ಅವ್ನು ಬೇಕಂತ್ಲೇ ಮಾಡಿದ್ದು ಕಣೇ. ಹೊಸಾದು ಏನೋ ಮಾಡ್ದ. ನನ್ ತಲೆಗೆ ಹೋಗ್ಲಿಲ್ಲ, ಬಾಯ್ ಬುಟ್ಬುಟ್ಟೆ." ಅವರು ಫೆಬ್ರವರಿಯಲ್ಲಿ ತೀರಿಕೊಂಡರು. ಬೇಸ್ ಇಳಿಸಿ ನನ್ನ ಕೈಗೆ ಕೊಟ್ಟದ್ದು ಅದಕ್ಕೆ ನಾಲ್ಕು ವರ್ಷ ಮುಂಚೆ. ನಾನು ಆ ಮಾತನ್ನು ಹಾಗೆಯೇ ನಂಬಿದ್ದೆ.

ನಿಮ್ಮ ಕಾಗದ ಬಂದ ಮೇಲೆ ಮತ್ತೆ ಕ್ಯಾಸೆಟ್ ಹಾಕಿದೆ. ಈ ಸಲ ಜಾರು ಬಿಟ್ಟು, ಅದರ ನಂತರದ್ದನ್ನು ಕೇಳಿದೆ. ಸರ್, ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಜಾರುವ ಮುಂಚೆ ನೀವು ತಳದ ಸ್ವರವನ್ನು ಖಾಲಿ ತಂತಿಯಲ್ಲಿ ನುಡಿಸುತ್ತೀರಿ. ಬೆರಳು ಒತ್ತದ ತಂತಿ, ಉದ್ದಕ್ಕೆ ಮೊಳಗುತ್ತದೆ. ಜಾರಿದ ಮೇಲೆ ಅದೇ ಸ್ವರ ಬರುತ್ತದೆ, ಶ್ರುತಿ ಒಂದು ಕೂದಲಿನಷ್ಟೂ ತಪ್ಪಿಲ್ಲ. ಆದರೆ ಈಗ ಅದಕ್ಕೆ ಬೆರಳಿನ ಸದ್ದಿದೆ, ಬೆರಳು ಎತ್ತಿದ ಕೂಡಲೇ ನಿಲ್ಲುತ್ತದೆ. ನೀವು ಬಿರಡೆಯನ್ನು ಮತ್ತೆ ಏರಿಸಿದಿರಿ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಏರಿಸಿಲ್ಲ. ಜಾರಿದ ತಂತಿಯಲ್ಲೇ ಒಂದು ಫ್ರೆಟ್, ಅಂದರೆ ಅರ್ಧ ಸ್ವರದ ಒಂದು ಮೆಟ್ಟಿಲು, ಮೇಲಕ್ಕೆ ಹೋಗಿ ಒತ್ತಿದ್ದೀರಿ. ಆ ತಂತಿಯ ಪ್ರತಿ ಸ್ವರವನ್ನೂ ಹಾಗೆಯೇ, ಒಂದೊಂದು ಫ್ರೆಟ್ ಮೇಲಕ್ಕೆ, ಉಳಿದ ಮೂರು ತಂತಿ ಮಾಮೂಲಿನಂತೆ. ನಾಲ್ಕು ನಿಮಿಷ. ನಿಮ್ಮ ಬೇಸ್ ನಿಮಗೇ ಕೇಳದೆ.

ನೋಟ್‌ಬುಕ್ಕಿನಲ್ಲಿ ಒಂದೊಂದೇ ಬರೆದು ಗುರುತು ಹಾಕಿದೆ. ಒಂದೇ ಒಂದು ತಪ್ಪಿಲ್ಲ. ಬಿರಡೆ ಜಾರಿದ್ದು ಆಕಸ್ಮಿಕ, ಒಪ್ಪುತ್ತೇನೆ. ಆಮೇಲಿನದು ಆಕಸ್ಮಿಕ ಅಲ್ಲ. ಮೊದಲು ನಿಮ್ಮನ್ನು ಮೂರನೆಯವರು ಎಂದಿದ್ದೆ. ಈಗ ಆ ಲೆಕ್ಕ ಬದಲಾಗಿದೆ.

ನಿಮ್ಮ ಹೆಸರು ಹೇಳಲು ಒಪ್ಪಿಗೆ ಕೊಡಿ. ಬರುವುದಾದರೆ ಬೇಸನ್ನು ನಿಮ್ಮ ಕೈಗೇ ಒಪ್ಪಿಸುತ್ತೇನೆ, ಅದು ನಿಮ್ಮದು.

ಇಂಪನಾ

*

ಕೊತ್ತಗೆರೆ
೧೮ ನವೆಂಬರ್ ೨೦೨೪

ಸರ್,

ತಿಂಗಳಾದರೂ ನಿಮ್ಮಿಂದ ಕಾಗದ ಇಲ್ಲ. ತಾತನ ಹೆಸರು ಬರೆದದ್ದೇ ತಪ್ಪಾಯಿತೇನೋ. ಕೋಪ ಇದ್ದರೆ ಇರಲಿ, ನಿಮಗೆ ಆ ಹಕ್ಕಿದೆ.

ನಿನ್ನೆ ಗುಬ್ಬಿಯ ಕಾರ್ಯಕ್ರಮ ಮುಗಿಯಿತು. ನಿಮ್ಮ ಒಪ್ಪಿಗೆ ಬರಲಿಲ್ಲ, ಆದರೂ ಹೆಸರು ಹೇಳಿಬಿಟ್ಟೆ. ಚಪ್ಪಾಳೆ ಬಂತು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇಡಿಸಿದ್ದೆ, ಯಾರೋ ಅದರ ಮೇಲೆ ಬ್ಯಾಗ್ ಇಟ್ಟರು. ಜಾರು ಅಭ್ಯಾಸದಲ್ಲಿ ಬಂದ ಹಾಗೆಯೇ ಬಂತು. ಎಲ್ಲ ಸಲೀಸಾಗಿ ನಡೆಯಿತು.

ಇಂಪನಾ

*

ಚೇಳೂರು
೨೧ ನವೆಂಬರ್ ೨೦೨೪

ಚಿ. ಇಂಪನಾಳಿಗೆ,

ಸಲೀಸಾಗಿ ನಡೆಯಿತು ಎಂದು ಬರೆದಿದ್ದೀಯ. ನಾನು ಸೀಮಂತದ ಫೋಟೊಗೆ ತಾಳ ಹೇಳಿದೆ, ನೀನು ಇದನ್ನು ಹೇಳುತ್ತಿದ್ದೀಯ. ಇಬ್ಬರದೂ ಸರಿಹೋಯಿತು.

ನಾನು ಬಂದಿದ್ದೆ.

ನಿನ್ನ ಅಕ್ಟೋಬರಿನ ಕಾಗದ ಓದಿ ಅಟ್ಟ ಹತ್ತಿ ಕುಳಿತಿದ್ದೆ. ಲಕ್ಷ್ಮೀನರಸಿಂಹಯ್ಯ ಇಲ್ಲವೆಂದು ತಿಳಿದು ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಚೇಳೂರಿಗೆ ಬಂದು ಟೀ ಕುಡಿದು ಹಿಂದಿರುಗಿದನಲ್ಲ, ಆ ಟೀ ಅಂಗಡಿಯಿಂದ ನಮ್ಮ ಮನೆ ಇನ್ನೂರು ಹೆಜ್ಜೆ. ನಡೆದು ಬಂದಿದ್ದರೆ ಒಳಗೆ ಕರೆಯುತ್ತಿದ್ದೆನೇನೋ. ಬೈದೂ ಬೈಯುತ್ತಿದ್ದೆ. ನಿನಗೆ ಏನು ಬರೆಯಬೇಕೆಂದು ತೋಚಲಿಲ್ಲ. ಅದಕ್ಕೇ ಕಾಗದ ಇಲ್ಲ, ಕೋಪಕ್ಕಲ್ಲ.

ಹದಿನೇಳರ ಬೆಳಿಗ್ಗೆ ವಾಣಿಶ್ರೀ ಸೀರೆ ಉಟ್ಟು ಚಪ್ಪಲಿ ಮೆಟ್ಟಿ ನಿಂತಳು. "ನಡೀರಿ, ನಾನೂ ಬತ್ತೀನಿ. ನಿಮ್ಜೊತೆ ಆ ಬಸ್ ಸ್ಟ್ಯಾಂಡ್ ಸುತ್ತಾಕಿ ಸುತ್ತಾಕಿ ನನ್ ಕಾಲು ಬಿದ್ದೋಗದೆ." ನಿನ್ನ ಖಾಲಿ ಕುರ್ಚಿ ಕಂಡಿತು. ಕೂರುವ ಧೈರ್ಯ ಆಗಲಿಲ್ಲ. ವೇದಿಕೆಯ ಎಡಗಡೆ ನಿನ್ನ ಬೇಸಿನ ಸ್ಪೀಕರ್ ಪೆಟ್ಟಿಗೆ ಇತ್ತಲ್ಲ, ಅದರ ಪಕ್ಕ ನಿಂತು ಅಂಗೈ ಇಟ್ಟೆ. ನೀನು ಮೊದಲ ಸ್ವರ ಮೀಟಿದೆ. ಅದು ಕೈಯಿಂದ ತೋಳಿಗೆ, ತೋಳಿನಿಂದ ಎದೆಗೆ ಬಂತು. ಏಳು ವರ್ಷದ ಮೇಲೆ ಸಂಗೀತ ಬಂತು, ಇಂಪನಾ. ಅತ್ತುಬಿಟ್ಟೆ. ವಾಣಿಶ್ರೀ ತೋಳು ಚಿವುಟಿ, "ಆಗ್ಲೇ ನಿಮ್ಮೆಸ್ರು ಹೇಳುದ್ಲು, ಜನ ಚಪ್ಪಾಳೆ ಹೊಡುದ್ರು" ಎಂದು ಕೈಸನ್ನೆ ಮಾಡಿ ತಿಳಿಸಿದಳು.

ಆಮೇಲೆ ಜಾರಿನ ಜಾಗ ಬಂತು. ನೀನು ಬಿರಡೆ ಇಳಿಸಿದೆ. ಅಭ್ಯಾಸ ಮಾಡಿದಂತೆ ಏರಿಸಲು ತಿರುಗಿಸಿದೆ, ಅದು ಬರಲಿಲ್ಲ. ಇನ್ನೊಂದು ಅರ್ಧ ಸ್ವರ ಕೆಳಕ್ಕೆ ಹೋದದ್ದು ಅಂಗೈಗೆ ತಿಳಿಯಿತು. ಪೂರ್ತಿ ಒಂದು ಸ್ವರ. ನಿನ್ನ ಮುಖದ ಬಣ್ಣ ಇಳಿದದ್ದು ಕಂಡೆ. ಆ ಕ್ಷಣ ನಾನು ಇಪ್ಪತ್ತೈದು ವರ್ಷ ಹಿಂದೆ ಅದೇ ಹಲಗೆಯ ಮೇಲೆ ನಿಂತಿದ್ದೆ.

ಆದರೆ ನನ್ನ ಕಣ್ಣು ನಿನ್ನ ಎಡ ಬೆರಳುಗಳ ಮೇಲೇ ಇತ್ತು. ನೀನು ಎರಡು ಫ್ರೆಟ್ ಮೇಲಕ್ಕೆ ಹೋದೆ. ಮತ್ತೆ ಕೊನೆಯವರೆಗೆ ಆ ತಂತಿಯನ್ನು ಒಮ್ಮೆಯೂ ಖಾಲಿ ಮೀಟಲಿಲ್ಲ. ನಾನು ಒಂದೊಂದನ್ನೂ ಎಣಿಸಿದೆ. ಕಿವಿಯಿದ್ದ ಅಷ್ಟು ಜನರಲ್ಲಿ ಯಾರಿಗೂ ತಿಳಿಯಲಿಲ್ಲ, ಕಿವುಡನಾದ ನನಗೊಬ್ಬನಿಗೆ ತಿಳಿಯಿತು. ನಾನು ಒಂದು ಫ್ರೆಟ್ ದಾಟಿದವನು. ನೀನು ಎರಡು ದಾಟಿದೆ. ಒಂದೇ ಒಂದು ತಪ್ಪಿಲ್ಲ.

ನೀನು ವೇದಿಕೆ ಇಳಿದು ತಲೆ ತಗ್ಗಿಸಿ ಬೇಸನ್ನು ಚೀಲಕ್ಕೆ ಹಾಕುತ್ತಿದ್ದೆ. ಆಗಲೇ ಬಂದು ಹೇಳಬೇಕಿತ್ತು. ನಿನ್ನ ತಾತನ ಹಾಗೆಯೇ ನಾನೂ ಬಸ್ ಹತ್ತಿಬಿಟ್ಟೆ. ಅವನು ಯಾಕೆ ವಾಪಸು ಹೋದ ಎಂದು ಆಗ ತಿಳಿಯಿತು. ಅವನಂತೆ ವರ್ಷಗಟ್ಟಲೆ ಇಟ್ಟುಕೊಳ್ಳುವುದು ಬೇಡ ಎಂದು ಇವತ್ತೇ ಬರೆಯುತ್ತಿದ್ದೇನೆ. ಆ ಜಾಗದಲ್ಲಿ ನನಗೆ ಇಳಿ ಕೆಳಕ್ಕೆ ಎಂದರು. ನಿನಗೆ ನಾನು ಹೇಳುತ್ತೇನೆ: ಇಳಿಯಬೇಡ.

ಬೇಸ್ ನಿನ್ನ ಹತ್ತಿರವೇ ಇರಲಿ. ಆದರೆ ಭಾನುವಾರ ಅದನ್ನು ತೆಗೆದುಕೊಂಡು ಚೇಳೂರಿಗೆ ಬಾ. ಅಮ್ಮನನ್ನೂ ಕರೆದುಕೊಂಡು ಬಾ. ಸಿದ್ದಯ್ಯನ ಹತ್ತಿರ ಹೊಸ ಬಿರಡೆ ತರಿಸಿದ್ದೇನೆ, ಅಂಗಳದಲ್ಲಿ ಕೂತು ಹಾಕಿಕೊಡುತ್ತೇನೆ. ಹಾಕಿದ ಮೇಲೆ ಒಂದು ಐದು ನಿಮಿಷ ನನ್ನ ಕೈಗೆ ಕೊಡು. ಬಾರಿಸುತ್ತೇನೆ. ಹೇಗಿತ್ತು ಎಂದು ನೀನು ಕೇಳಿ ಹೇಳು.

ನಿನ್ನ,
ನಾಗಭೂಷಣ್